ಸಾವನ್ನು ತೆಗೆದರೆ ಅದರ ಕೆಲಸವನ್ನು ಯಾರಿಗೆ ಒಪ್ಪಿಸುವುದು? ದುರಂತ ಪ್ರೇಮಕಥೆ ಮನೆಮಂದಿಯ ಅನಿಮೇಷನ್ ಚಿತ್ರವಾಗುವ ಬಗೆ

ಷೇಕ್ಸ್‌ಪಿಯರನ ‘ರೋಮಿಯೊ ಮತ್ತು ಜೂಲಿಯೆಟ್’ ನಾಟಕ ಕನ್ನಡಕ್ಕೆ ಮೊದಮೊದಲು ಬಂದಾಗಲೇ ಅದರ ಕೊನೆ ಬದಲಾಗಿತ್ತು. ಆನಂದರಾವ್ ಅವರ 1889ರ ರೂಪಾಂತರ ‘ರಾಮವರ್ಮ ಲೀಲಾವತಿ’ಯಲ್ಲಿ ಪ್ರಾಣ ಬಿಟ್ಟ ಪ್ರೇಮಿಗಳು ದೈವಕೃಪೆಯಿಂದ ಮತ್ತೆ ಬದುಕುತ್ತಾರೆ. ಇದನ್ನು ನಮ್ಮ ರಂಗಭೂಮಿಯ ಅಳ್ಳೆದೆ ಎಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿಯೇ 17ನೇ ಶತಮಾನದಲ್ಲಿ ಜೇಮ್ಸ್ ಹೋವರ್ಡ್ ಎಂಬಾತ ಪ್ರೇಮಿಗಳು ಬದುಕುಳಿಯುವ ಇನ್ನೊಂದು ರೂಪವನ್ನು ಸಿದ್ಧಪಡಿಸಿದ್ದ, ಮತ್ತು ಅದನ್ನು ಒಂದು ದಿನ ದುರಂತ, ಮರುದಿನ ಸುಖಾಂತ ಎಂಬಂತೆ ಸರದಿಯ ಮೇಲೆ ಆಡುತ್ತಿದ್ದರು. 1748ರಲ್ಲಿ ಅಲ್ಲಿಯ ನಟ ಡೇವಿಡ್ ಗ್ಯಾರಿಕ್, ಮೂಲದಲ್ಲಿಲ್ಲದ ಕೊನೆಯ ಮಾತುಕತೆಯೊಂದನ್ನು ಸಮಾಧಿಯೊಳಗೆ ಆ ಇಬ್ಬರಿಗೂ ಒದಗಿಸಿಕೊಟ್ಟ. 1935ರಲ್ಲಿ ರಷ್ಯದ ಸಂಗೀತ ಸಂಯೋಜಕ ಪ್ರೊಕೊಫಿಯೆವ್ ತನ್ನ ಬ್ಯಾಲೆ ನೃತ್ಯರೂಪಕಕ್ಕೆ ಮೊದಲು ಸುಖಾಂತವನ್ನೇ ಸಂಯೋಜಿಸಿ, ಆಮೇಲೆ ದುರಂತಕ್ಕೆ ಮರಳಿದ. ನಾಲ್ಕು ಶತಮಾನಗಳಿಂದ ಈ ಕಥೆಯ ಕೊನೆಯನ್ನು ಮುಟ್ಟದೆ ಬಿಟ್ಟವರಿಗಿಂತ ಮುಟ್ಟಿ ನೋಡಿದವರ ಸಾಲೇನೂ ಚಿಕ್ಕದಲ್ಲ.

ಇಷ್ಟೆಲ್ಲ ಹೇಳಲು ಕಾರಣವಿದೆ. ಮೈಸೂರಿನಲ್ಲಿ ರಂಗಾಯಣದ ಚಿಣ್ಣರ ಮೇಳದಲ್ಲಿ ಆಡಿ ಬೆಳೆದ, ದೃಶ್ಯಕಲೆ ಕಲಿತ, ಈಗ ಕಂಪ್ಯೂಟರಿನ ಮುಂದೆ ಕುಳಿತು ಗೊಂಬೆಗಳಿಗೆ ಜೀವ ಕೊಡಲು ಹೊರಟಿರುವ ಯುವಕ ಯುವತಿಯರು ದೊಡ್ಡ ಪ್ರೇಮಕಥೆಯೊಂದನ್ನು ಕೈಗೆತ್ತಿಕೊಂಡಾಗ ಮೊದಲು ಕೇಳುವ ಪ್ರಶ್ನೆ ಒಂದೇ: ಕೊನೆಯಲ್ಲಿ ಪ್ರೇಮಿಗಳನ್ನು ಸಾಯಿಸಬೇಕೆ, ಉಳಿಸಬೇಕೆ? ಈ ಪ್ರಶ್ನೆಯಿಂದ ಹೊರಟವರು ಬಹುಮಟ್ಟಿಗೆ ದಾರಿ ತಪ್ಪುತ್ತಾರೆ ಎಂಬುದು ನನ್ನ ಅಭಿಪ್ರಾಯ. ಕೇಳಬೇಕಾದದ್ದು ಬೇರೆ. ಮೂಲಕಥೆಯಲ್ಲಿ ಸಾವು ಯಾವ ಕೆಲಸ ಮಾಡುತ್ತಿದೆ, ಮತ್ತು ಸಾವನ್ನು ಹೊರಗಿಟ್ಟರೆ ಆ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದು ಮೊದಲು ಇತ್ಯರ್ಥವಾಗಬೇಕು.

ನಾಟಕವನ್ನು ಈ ಕಣ್ಣಿನಿಂದ ಓದಿದರೆ ಒಂದು ಸಂಗತಿ ನಿಚ್ಚಳವಾಗುತ್ತದೆ. ರೋಮಿಯೊ ಹುಟ್ಟಿದ ಮಾಂಟೆಗ್ಯು ಮತ್ತು ಜೂಲಿಯೆಟ್ ಹುಟ್ಟಿದ ಕ್ಯಾಪ್ಯುಲೆಟ್ ಎಂಬ ವೆರೋನಾ ನಗರದ ಎರಡು ಮನೆತನಗಳ ಹಳೆಯ ಹಗೆಯನ್ನು ನಿಲ್ಲಿಸಲು ಮೊದಲ ಅಂಕದಲ್ಲಿಯೇ ಅರಸ ಪ್ರಯತ್ನಿಸುತ್ತಾನೆ. ಇನ್ನೊಮ್ಮೆ ಬೀದಿಯಲ್ಲಿ ಬಡಿದಾಡಿದರೆ ಮರಣದಂಡನೆ ಎಂದು ಎಚ್ಚರಿಸುತ್ತಾನೆ. ಅದು ಫಲಿಸುವುದಿಲ್ಲ. ಪಾದ್ರಿ ಲಾರೆನ್ಸ್, ಈ ಮದುವೆಯಿಂದಲಾದರೂ ಎರಡು ಮನೆಗಳು ಒಂದಾಗಲಿ ಎಂದು ಗುಟ್ಟಾಗಿ ಮದುವೆ ಮಾಡಿಸುತ್ತಾನೆ. ಅದೂ ಫಲಿಸುವುದಿಲ್ಲ. ಕಾನೂನಿಗೂ ಪ್ರೀತಿಗೂ ಬಗ್ಗದ ಹಗೆ, ಹಿರಿಯರು ತಮ್ಮ ಮಕ್ಕಳ ಹೆಣಗಳ ಎದುರು ನಿಂತಾಗ ಮಾತ್ರ ಮುರಿಯುತ್ತದೆ. ಅಂದರೆ ಇಲ್ಲಿ ಸಾವು ಕಣ್ಣೀರು ತರಿಸಲು ಬಂದ ಅಲಂಕಾರವಲ್ಲ. ತಾವು ಏನು ಮಾಡಿದೆವು ಎಂಬುದನ್ನು ಹಿರಿಯರಿಗೆ ತೋರಿಸುವ ಏಕೈಕ ಸಾಧನ ಅದು. ಈ ಸಾಧನವನ್ನು ಕಿತ್ತುಕೊಂಡು ಕೊನೆಯಲ್ಲಿ ಎಲ್ಲರನ್ನೂ ಕುಣಿಸಿದರೆ, ಹಗೆ ಏಕೆ ನಿಂತಿತೆಂಬುದೇ ತಿಳಿಯದೆ ಚಿತ್ರ ಮುಗಿಯುತ್ತದೆ. ಎಂಟು ವರ್ಷದ ಮಗುವೂ ಅದನ್ನು ಗುರುತಿಸುತ್ತದೆ, ಅದಕ್ಕೆ ಹೇಳಲು ಬಾರದಿರಬಹುದು ಅಷ್ಟೆ.

ಹಾಗಾದರೆ ಸಾವನ್ನು ಇದ್ದಂತೆಯೇ ಉಳಿಸಿಕೊಳ್ಳಬಾರದೇಕೆ? ಇಲ್ಲಿ ಎರಡು ವಿಷಯಗಳನ್ನು ಬಿಡಿಸಿ ನೋಡಬೇಕು, ಏಕೆಂದರೆ ಚರ್ಚೆಗಳಲ್ಲಿ ಅವು ಸದಾ ಒಂದಕ್ಕೊಂದು ಸಿಕ್ಕು ಹಾಕಿಕೊಂಡಿರುತ್ತವೆ. ಮಕ್ಕಳ ಮುಂದೆ ಸಾವಿನ ಮಾತು ಎತ್ತುವುದು ಒಂದು. ಪ್ರೇಮಿಗಳು ತಾವಾಗಿಯೇ ಪ್ರಾಣ ಕಳೆದುಕೊಳ್ಳುವುದನ್ನು ಪ್ರೀತಿಯ ಎತ್ತರದ ನಿಲುವೆಂಬಂತೆ ತೋರಿಸುವುದು ಇನ್ನೊಂದು. ಸತ್ತವರು ಮರಳಿ ಬರುವುದಿಲ್ಲ ಎಂಬುದನ್ನು ಸುಮಾರು 5ರಿಂದ 7 ವರ್ಷದೊಳಗೆ ಹೆಚ್ಚಿನ ಮಕ್ಕಳು ಗ್ರಹಿಸತೊಡಗುತ್ತಾರೆ ಎಂದು ಮಕ್ಕಳ ಮನಶ್ಶಾಸ್ತ್ರ ಹೇಳುತ್ತದೆ. ಆ ವಯಸ್ಸಿನ ಮಕ್ಕಳು ಕಥೆಯೊಳಗಿನ ಸಾವನ್ನು ತಾಳಿಕೊಳ್ಳಬಲ್ಲರು, ದೊಡ್ಡವರು ಪಕ್ಕದಲ್ಲಿದ್ದರೆ ಅದರ ಬಗ್ಗೆ ಪ್ರಶ್ನೆಗಳನ್ನೂ ಕೇಳಬಲ್ಲರು. ಆತ್ಮಹತ್ಯೆಯ ವಿಷಯ ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಿನಿಮಾ ಮತ್ತು ರಂಗಭೂಮಿಯವರಿಗಾಗಿಯೇ ಹೊರತಂದ ಮಾರ್ಗದರ್ಶಿಯಲ್ಲಿ, ಅದರ ವಿಧಾನವನ್ನು ತೋರಿಸಬಾರದು, ಕಷ್ಟದಿಂದ ಪಾರಾಗಿ ಬಂದವರ ಚಿತ್ರಣ ಕಥೆಯಲ್ಲಿರಬೇಕು ಎಂಬ ಸಲಹೆಗಳಿವೆ. ಸಾವನ್ನು ಉಳಿಸಿಕೊಂಡರೂ, ಪ್ರೇಮಿಗಳಿಬ್ಬರೂ ತಾವಾಗಿ ಪ್ರಾಣ ಬಿಡುವ ನಾಟಕದ ಐದನೆಯ ಅಂಕವನ್ನು ಇದ್ದಂತೆಯೇ ಪರದೆಗೆ ತರಲಾಗದು ಎಂಬುದು ನನಗೆ ಸ್ಪಷ್ಟವಾಗಿರುವುದು ಈ ಕಾರಣಕ್ಕೆ.

ಕನ್ನಡದ ಮಕ್ಕಳು ದುಃಖಕ್ಕೆ ಹೊಸಬರೇನಲ್ಲ. ಗೋವಿನ ಹಾಡನ್ನು ನೆನಪಿಸಿಕೊಳ್ಳಿ. ಮಂಡ್ಯದ ಹಳ್ಳಿಶಾಲೆಯಿಂದ ಮೈಸೂರಿನ ಕಾನ್ವೆಂಟಿನವರೆಗೆ ಅದನ್ನು ಕೇಳದೆ ಬೆಳೆದ ಮಗು ಅಪರೂಪ. ಅದರಲ್ಲಿ ಕೊನೆಗೆ ಹುಲಿ ಸಾಯುತ್ತದೆ, ಆದರೆ ಆ ಸಾವು ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಹಾಡು ನಿಧಾನಿಸುವುದು ಬೇರೆಡೆ: ಪುಣ್ಯಕೋಟಿ ದೊಡ್ಡಿಗೆ ಮರಳಿ ಬಂದು ಕರುವಿಗೆ ಕೊನೆಯ ಹಾಲುಣಿಸುವುದು, ಬುದ್ಧಿ ಹೇಳುವುದು, ಇನ್ನು ಯಾರ ಬಳಿ ಮಲಗಲಿ ಎಂದು ಕರು ಕೇಳುವುದು, ಒಡಹುಟ್ಟಿದ ಹಸುಗಳ ಕೈಗೆ ಕಂದನನ್ನು ಒಪ್ಪಿಸುವುದು. ಅಗಲಿಕೆ ದೀರ್ಘ, ಸಾವು ಕ್ಷಣಿಕ. ಅಳು ಬರುವುದು ಬೀಳ್ಕೊಡುಗೆಯ ಹೊತ್ತಿನಲ್ಲಿ, ಮತ್ತು ಆ ಅಳುವಿನಲ್ಲಿ ಭಯಕ್ಕಿಂತ ಕರುಳಿನ ಸಂಕಟ ಹೆಚ್ಚು. ಕುಟುಂಬಕ್ಕಾಗಿ ಚಿತ್ರ ಮಾಡುವವರು ಸಮಯವನ್ನು ಹಂಚುವ ಈ ಲೆಕ್ಕಾಚಾರವನ್ನು ಯಾವ ವಿದೇಶಿ ಪಠ್ಯಪುಸ್ತಕಕ್ಕಿಂತ ಮೊದಲು ಇಲ್ಲಿ ಕಲಿಯಬಹುದು.

ಈಗ ಯಶಸ್ವಿಯಾಗಿ ನಡೆದ ರೂಪಾಂತರವೊಂದನ್ನು ಹತ್ತಿರದಿಂದ ನೋಡೋಣ. 2011ರಲ್ಲಿ ತೆರೆಕಂಡ, ಕೆಲ್ಲಿ ಆಸ್ಬರಿ ನಿರ್ದೇಶನದ ‘ನೋಮಿಯೊ ಅಂಡ್ ಜೂಲಿಯೆಟ್’ ಚಿತ್ರದಲ್ಲಿ ಪಾತ್ರಗಳೆಲ್ಲ ಅಕ್ಕಪಕ್ಕದ ಎರಡು ಮನೆಗಳ ಕೈತೋಟದಲ್ಲಿ ನಿಲ್ಲಿಸಿದ ಪುಟ್ಟ ಗೊಂಬೆಗಳು. ಒಂದು ತೋಟದವರದು ಕೆಂಪು ಟೋಪಿ, ಇನ್ನೊಂದರವರದು ನೀಲಿ. ಗೊಂಬೆ ಬಿದ್ದರೆ ಒಡೆಯುತ್ತದೆ, ಆದ್ದರಿಂದ ಒಡೆಯುವುದೇ ಆ ಲೋಕದ ಸಾವು. ಆದರೆ ಒಡೆದ ಗೊಂಬೆಯನ್ನು ಅಂಟಿಸಲೂ ಬಹುದು. ಹೀಗಾಗಿ ಜೂಲಿಯೆಟ್ ಕಡೆಯ ಜಗಳಗಂಟ ಟಿಬಾಲ್ಟ್ ನಡುವೆ ಚೂರುಚೂರಾಗುತ್ತಾನೆ, ಕೊನೆಯಲ್ಲಿ ಅಂಟಿಸಿದ ಗುರುತುಗಳೊಂದಿಗೆ ಮರಳಿ ಕಾಣಿಸಿಕೊಳ್ಳುತ್ತಾನೆ. ಕಥೆಗಾರರು ಸಾವನ್ನು ತೆಗೆದುಹಾಕಿಲ್ಲ; ಸಾವಿನ ನಿಯಮವನ್ನು ತಾವು ಕಟ್ಟಿದ ಲೋಕದ ವಸ್ತುವಿನಿಂದಲೇ ಹುಟ್ಟಿಸಿಕೊಂಡಿದ್ದಾರೆ. ಚಿತ್ರದ ನಡುವೆ ನಾಯಕ ಷೇಕ್ಸ್‌ಪಿಯರನ ಪ್ರತಿಮೆಯೊಂದಿಗೇ ಮಾತನಾಡುತ್ತಾನೆ. ಇಂಥ ಕಥೆ ಸಾವಿನಲ್ಲಿ ಮುಗಿಯುತ್ತದೆಂದು ಪ್ರತಿಮೆ ತಿಳಿಸಿದಾಗ ಅವನು ಒಪ್ಪುವುದಿಲ್ಲ. ಕೊನೆಯಲ್ಲಿ ನಡೆಯುವ ಅನಾಹುತದಲ್ಲಿ ಇಬ್ಬರೂ ಅವಶೇಷದಡಿ ಸಿಕ್ಕಿ ಹೋದರೆಂದು ಎರಡೂ ತೋಟದವರು ನಂಬುತ್ತಾರೆ, ದುಃಖಿಸುತ್ತಾರೆ, ಹಗೆಯನ್ನು ಕೈಬಿಡುತ್ತಾರೆ. ಪ್ರೇಮಿಗಳು ಹೊರಬರುವುದು ಅದಾದ ಮೇಲೆ. ಈ ಕ್ರಮವೇ ಮುಖ್ಯ. ಪ್ರೇಮಿಗಳು ಮೊದಲೇ ಹೊರಬಂದು ಆಮೇಲೆ ಹಿರಿಯರು ರಾಜಿಯಾಗಿದ್ದರೆ ಆ ರಾಜಿಗೆ ಕವಡೆ ಕಿಮ್ಮತ್ತೂ ಇರುತ್ತಿರಲಿಲ್ಲ.

ಸಾವು ನಿಜವಾಗಿ ಆಗಬೇಕಾಗಿಲ್ಲ, ಆಯಿತೆಂದು ಹಗೆ ಸಾಧಿಸಿದವರು ನಂಬಿದರೆ ಸಾಕು ಎಂಬ ಈ ಸೂತ್ರದ ಬೀಜ ಮೂಲನಾಟಕದಲ್ಲಿಯೇ ಇದೆ ಎಂಬುದನ್ನು ನಾವು ಮರೆಯುತ್ತೇವೆ. ನಾಲ್ಕನೆಯ ಅಂಕದಲ್ಲಿ ಜೂಲಿಯೆಟ್ 42 ಗಂಟೆಗಳ ಕಾಲ ಸತ್ತಂತೆ ಮಲಗಿಸುವ ಔಷಧಿ ಕುಡಿಯುತ್ತಾಳೆ. ತಂದೆ, ತಾಯಿ, ದಾದಿ, ವರ ಎಲ್ಲರೂ ಗೋಳಿಡುತ್ತಾರೆ. ಆದರೆ ಅಲ್ಲಿ ಅಳುವವರು ಒಂದೇ ಮನೆಯವರು. ಮಾಂಟೆಗ್ಯು ಮನೆಗೆ ಆ ಸಾವು ಸಂಬಂಧಪಡದ ಸುದ್ದಿ. ಗುಟ್ಟನ್ನು ತಿಳಿಸುವ ಪತ್ರವೂ, ಪ್ಲೇಗಿನ ಶಂಕೆಯಿಂದ ದೂತನನ್ನು ಮನೆಯೊಂದರಲ್ಲಿ ಕೂಡಿಹಾಕಿದ್ದರಿಂದ, ರೋಮಿಯೊನಿಗೆ ತಲುಪುವುದಿಲ್ಲ. ಒಂದೇ ಮನೆ ಅತ್ತಿತು, ಆದ್ದರಿಂದ ಹಗೆ ಉಳಿಯಿತು. ಎರಡೂ ಮನೆಗಳು ಆ ಸುಳ್ಳು ಸಾವಿನ ಮುಂದೆ ಒಟ್ಟಿಗೆ ಅತ್ತಿದ್ದರೆ ಐದನೆಯ ಅಂಕದ ಅಗತ್ಯವೇ ಬೀಳುತ್ತಿರಲಿಲ್ಲ. ಮಕ್ಕಳಿಗಾಗಿ ಈ ಕಥೆಯನ್ನು ಮರಳಿ ಕಟ್ಟುವವರು ಹೊಸ ಸುಖಾಂತವನ್ನು ಎಲ್ಲಿಂದಲೋ ತರಬೇಕಾಗಿಲ್ಲ; ನಾಲ್ಕನೆಯ ಅಂಕದ ಬಾಗಿಲನ್ನು ಎದುರು ಮನೆಯವರಿಗೂ ತೆರೆದರೆ ಸಾಕು.

ನಮ್ಮ ಪರಂಪರೆಗೆ ಈ ದಾರಿ ಅಪರಿಚಿತವೂ ಅಲ್ಲ. ಎಂಟನೆಯ ಶತಮಾನದ ಭವಭೂತಿ ‘ಉತ್ತರರಾಮಚರಿತ’ದಲ್ಲಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ವಾಲ್ಮೀಕಿಯ ಕಥೆಯಲ್ಲಿ ಸೀತೆ ಭೂಮಿಯನ್ನು ಸೇರುತ್ತಾಳೆ. ಭವಭೂತಿ ಅವಳನ್ನು ರಾಮನೊಂದಿಗೆ ಸೇರಿಸುತ್ತಾನೆ. ಆದರೆ ಸುಮ್ಮನೆ ಸೇರಿಸುವುದಿಲ್ಲ. ಏಳನೆಯ ಅಂಕದಲ್ಲಿ ಗಂಗಾತೀರದಲ್ಲಿ ನಾಟಕದೊಳಗೊಂದು ನಾಟಕ ನಡೆಯುತ್ತದೆ, ಕಾಡಿನಲ್ಲಿ ತ್ಯಕ್ತಳಾದ ಸೀತೆಯ ಪಾಡನ್ನು ಅಪ್ಸರೆಯರು ಅಭಿನಯಿಸುತ್ತಾರೆ, ಅದನ್ನು ರಾಮ ಪ್ರಜೆಗಳ ನಡುವೆ ಕುಳಿತು ನೋಡಿ ಮೂರ್ಛೆ ಹೋಗುತ್ತಾನೆ. ತಾನು ಮಾಡಿದ್ದನ್ನು ತಾನೇ ಕಣ್ಣಾರೆ ಕಂಡ ಮೇಲೆ, ಅಪವಾದ ಹೊರಿಸಿದ ಪ್ರಜೆಗಳೂ ಅದನ್ನು ಕಂಡ ಮೇಲೆ, ಸೀತೆ ನಿಜವಾಗಿ ಬಂದು ಅವನನ್ನು ಎಚ್ಚರಿಸುತ್ತಾಳೆ. ನೋವಿಗೆ ಕಾರಣರಾದವರು ಆ ನೋವಿನ ಪ್ರೇಕ್ಷಕರಾಗಬೇಕು, ಆಮೇಲೆಯೇ ಸಮಾಗಮ. ಈ ಅಂಕವನ್ನು ನಾನು ಅನಿಮೇಷನ್ ಕಲಿಯುವ ಪ್ರತಿಯೊಬ್ಬರಿಗೂ ಓದಿ ಎಂದು ಹೇಳುತ್ತೇನೆ.

ಇದೇ ತತ್ತ್ವವನ್ನು ನಮ್ಮ ಸೀಮೆಯ ಕಥೆಯೊಂದರಲ್ಲಿ ಇಟ್ಟು ನೋಡಬಹುದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳ ಮೇಲೆ, ಮನೆಗಳ ಹಂಚಿಗೆ ತಾಗುವಷ್ಟು ಹತ್ತಿರದಲ್ಲಿ, ಗೂಡು ಕಟ್ಟಿ ಮರಿ ಮಾಡುತ್ತವೆ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳಂತೆ ಊರಿನವರು ಅವುಗಳನ್ನು ಕಾಣುತ್ತಾರೆ. ಪ್ರೇಮಕಥೆಯನ್ನು ಇಲ್ಲಿಗೆ ತರಬೇಕೆಂದರೆ ಯಾರಿಗಾದರೂ ತಟ್ಟನೆ ಹೊಳೆಯುವುದು ಒಂದು ಮನೆ ಹೆಜ್ಜಾರ್ಲೆಯದು, ಇನ್ನೊಂದು ಕೊಕ್ಕರೆಯದು ಎಂಬ ಏರ್ಪಾಡು. ನೋಡಲು ಚೆಂದ, ಬಣ್ಣಕ್ಕೆ ಬಣ್ಣ, ಕೊಕ್ಕಿಗೆ ಕೊಕ್ಕು. ಆದರೂ ಅದನ್ನು ಮಾಡಲೇಬಾರದು ಎಂದು ನಾನು ವಾದಿಸುತ್ತೇನೆ. ಎರಡು ಮನೆತನಗಳನ್ನು ಎರಡು ಪ್ರಭೇದಗಳನ್ನಾಗಿ ಮಾಡಿದ ಕ್ಷಣ, ಅವರ ನಡುವಿನ ಅಂತರ ಹುಟ್ಟಿನಿಂದಲೇ ಬಂದದ್ದು, ಪ್ರಕೃತಿಯೇ ಮಾಡಿಟ್ಟದ್ದು ಎಂದು ನಾವು ಮಕ್ಕಳಿಗೆ ಹೇಳಿದಂತಾಗುತ್ತದೆ. ಷೇಕ್ಸ್‌ಪಿಯರ್ ನಾಟಕದ ಮೊದಲ ಸಾಲಿನಲ್ಲಿಯೇ ಎರಡೂ ಮನೆಗಳು ಘನತೆಯಲ್ಲಿ ಸಮಾನವೆಂದು ಸಾರುತ್ತಾನೆ, ಹಗೆಗೆ ಕಾರಣವೇನೆಂದು ಎಲ್ಲಿಯೂ ಹೇಳುವುದಿಲ್ಲ. ಕೈತೋಟದ ಗೊಂಬೆಗಳ ನಡುವೆಯೂ ಟೋಪಿಯ ಬಣ್ಣವೊಂದೇ ವ್ಯತ್ಯಾಸ. ಆದ್ದರಿಂದ ಎರಡೂ ಹೆಜ್ಜಾರ್ಲೆಯ ಮನೆತನಗಳೇ ಆಗಿರಬೇಕು: ಒಂದು ಮೂಡಣದ ಹುಣಸೆಯದು, ಇನ್ನೊಂದು ಪಡುವಣದ ಹುಣಸೆಯದು. ಜಗಳ ಏಕೆ ಶುರುವಾಯಿತೆಂದು ಕೇಳಿದರೆ ಮುದಿ ಹಕ್ಕಿಗಳು ಒಂದೊಂದೂ ಒಂದೊಂದು ಕಾರಣ ಹೇಳಬೇಕು.

ಇನ್ನು ಸಾವಿನ ನಿಯಮ. ಗೂಡಿನಿಂದ ಮರಿ ನೆಲಕ್ಕೆ ಬೀಳುವುದು ಅಲ್ಲಿ ನಿಜವಾಗಿಯೂ ನಡೆಯುವ ಅಪಾಯ, ಮತ್ತು ಬಿದ್ದ ಮರಿಗಳನ್ನು ಎತ್ತಿಕೊಂಡು ಆವರಣವೊಂದರಲ್ಲಿಟ್ಟು ಮೀನು ತಿನ್ನಿಸಿ ಸಾಕಿದವರು ಆ ಊರಿನಲ್ಲಿದ್ದಾರೆ. ಮರದ ಮೇಲಿನವರ ಪಾಲಿಗೆ ಬಿದ್ದ ಮರಿ ಸತ್ತ ಮರಿ. ನೆಲದ ಮೇಲೆ ಏನಾಗುತ್ತದೆಂದು ಅವರಿಗೆ ತಿಳಿಯದು. ಚಿತ್ರದ ಮೊದಲ ಹತ್ತು ನಿಮಿಷಗಳಲ್ಲಿ ಈ ನಿಯಮವನ್ನು ಯಾವುದೋ ಸಣ್ಣ ಮರಿಯ ಮೂಲಕ ಪ್ರೇಕ್ಷಕರಿಗೆ ಮನದಟ್ಟು ಮಾಡಿಸಿ, ನೆಲದ ಮೇಲಿನ ಆರೈಕೆಯ ಸುಳಿವನ್ನು ಹಿನ್ನೆಲೆಯಲ್ಲಿ, ಬಾಲಕಿಯೊಬ್ಬಳು ಬುಟ್ಟಿ ಹಿಡಿದು ಹಾದುಹೋಗುವಷ್ಟು ಮಾತ್ರ, ತೋರಿಸಿ ಬಿಡಬೇಕು. ಮುಂದೆ ರೆಕ್ಕೆ ಪೂರ್ತಿ ಬಲಿಯದ ಇಬ್ಬರು, ತೈಲೂರು ಕೆರೆಗೆ ಮೊದಲ ಬಾರಿ ಜೊತೆಯಾಗಿಯೇ ಹಾರಬೇಕೆಂಬ ಹಟದಲ್ಲಿ, ಹಿರಿಯರ ಕಚ್ಚಾಟದ ನಡುವೆ ಸಿಕ್ಕಿ ಬಿದ್ದರೆ, ಎರಡು ಮರಗಳೂ ಒಂದೇ ರಾತ್ರಿ ಅಳುತ್ತವೆ. ಇಲ್ಲಿ ಯಾರೂ ತಾವಾಗಿ ಪ್ರಾಣ ಕಳೆದುಕೊಳ್ಳುವುದಿಲ್ಲ, ಆದರೂ ಹಿರಿಯರು ತಮ್ಮ ಹಗೆಯ ಬೆಲೆಯನ್ನು ತೆತ್ತೇ ತೀರುತ್ತಾರೆ.

ಈ ಸೀಮೆಯಲ್ಲಿ ಇಂಥ ಕಥೆ ಹೇಳುವವರ ಮೇಲೆ ಇನ್ನೊಂದು ಹೊಣೆಯೂ ಇದೆ. ಜಾತಿ ಮೀರಿ ಪ್ರೀತಿಸಿದ್ದಕ್ಕೆ ಮಕ್ಕಳನ್ನು ಹೆತ್ತವರೇ ಕೊಂದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಮರ್ಯಾದೆಯ ಹೆಸರಿನ ಹತ್ಯೆಗಳನ್ನು ತಡೆಯಲು ಸುಪ್ರೀಂ ಕೋರ್ಟ್ 2018ರ ಶಕ್ತಿವಾಹಿನಿ ಪ್ರಕರಣದ ತೀರ್ಪಿನಲ್ಲಿ ಸರ್ಕಾರಗಳಿಗೆ ನಿರ್ದೇಶನಗಳನ್ನೇ ಕೊಡಬೇಕಾಯಿತು. ಹಾಗಿರುವಾಗ ಎರಡು ಮರಗಳ ಜಗಳವನ್ನು ಬರೀ ತಮಾಷೆಯ ಕಿತ್ತಾಟವಾಗಿ ತೋರಿಸುವುದು ಸರಿಯಲ್ಲ. ಮಗುವಿಗೆ ಅದು ಎರಡು ಮರಗಳ ಕಥೆ. ಪಕ್ಕದಲ್ಲಿ ಕುಳಿತ ಅಪ್ಪನಿಗೆ, ಅಜ್ಜನಿಗೆ ಅದು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಅಜ್ಜನಿಗೆ ತಪ್ಪಿಸಿಕೊಳ್ಳಲು ದಾರಿ ಇರದಂತೆ, ಆದರೆ ಮಗುವಿನ ಮುಂದೆ ಅವಮಾನವೂ ಆಗದಂತೆ ಬರೆಯುವುದೇ ಕುಟುಂಬ ಚಿತ್ರದ ನಿಜವಾದ ಕಷ್ಟ ಎಂದು ನನಗನ್ನಿಸುತ್ತದೆ.

ಉಳಿದ ಬದಲಾವಣೆಗಳು ಇಷ್ಟು ಕಠಿಣವಲ್ಲ. ನಾಟಕದಲ್ಲಿ ಜೂಲಿಯೆಟ್‌ಗೆ ಇನ್ನೂ 14 ತುಂಬಿಲ್ಲ. ಮಕ್ಕಳ ಚಿತ್ರದಲ್ಲಿ ಮದುವೆಯ ಪ್ರಸ್ತಾಪವನ್ನು ಕೈಬಿಟ್ಟು ಜೊತೆಗಿರುವ ಹಂಬಲವನ್ನಷ್ಟೇ ಉಳಿಸಿಕೊಂಡರೆ ಕಥೆಗೆ ನಷ್ಟವಿಲ್ಲ. ಮೂರನೆಯ ಅಂಕದಲ್ಲಿ ರೋಮಿಯೊನ ಗೆಳೆಯ ಮರ್ಕ್ಯುಷಿಯೊ ಸಾಯುವವರೆಗೆ ಆ ನಾಟಕ ಬಹುಮಟ್ಟಿಗೆ ನಗೆನಾಟಕವೇ ಆಗಿರುವುದರಿಂದ, ವೇಷದ ಕೂಟ, ದಾದಿಯ ಬಾಯಿಬಡುಕತನ, ಗೆಳೆಯರ ಚೇಷ್ಟೆಗಳನ್ನು ಹೆಚ್ಚು ತಿದ್ದದೆ ಬಳಸಿಕೊಳ್ಳಬಹುದು. ನಾಟಕದ ಆರಂಭದಲ್ಲಿ ಸೂತ್ರಧಾರನಂಥವನೊಬ್ಬ ಹದಿನಾಲ್ಕು ಸಾಲುಗಳಲ್ಲಿ ಕಥೆಯ ಕೊನೆಯನ್ನು ಮುಂಚಿತವಾಗಿಯೇ ಹೇಳಿಬಿಡುತ್ತಾನೆ. ನಮ್ಮ ಮೂಡಲಪಾಯದ ಭಾಗವತನಿಗೆ ಈ ಕೆಲಸ ಹೇಳಿ ಮಾಡಿಸಿದಂತಿದೆ. ಏನಾಗುವುದೋ ಎಂದು ಅಮ್ಮನ ಸೆರಗು ಹಿಡಿಯುವ ಮಗುವಿಗೆ, ಕಥೆಯನ್ನು ಬಲ್ಲವರೊಬ್ಬರು ಪರದೆಯ ಮೇಲೆಯೇ ಇದ್ದಾರೆ ಎಂಬುದು ದೊಡ್ಡ ಧೈರ್ಯ.

ಇವೆಲ್ಲ ತೀರ್ಮಾನವಾಗಬೇಕಾದದ್ದು ಚಿತ್ರ ಬಿಡಿಸಲು ಕೂರುವ ಮುನ್ನ. ನಟರನ್ನಿಟ್ಟು ತೆಗೆಯುವ ಸಿನಿಮಾದಲ್ಲಿ ಕೊನೆಯನ್ನು ಎರಡು ಬಗೆಯಲ್ಲಿ ಚಿತ್ರೀಕರಿಸಿ ಎಡಿಟಿಂಗ್ ಹೊತ್ತಿಗೆ ಆರಿಸಿಕೊಳ್ಳಬಹುದು. ಅನಿಮೇಷನ್ನಿನಲ್ಲಿ ಆ ಸೌಲಭ್ಯವಿಲ್ಲ. ಸೆಕೆಂಡಿಗೆ 24 ಫ್ರೇಮುಗಳಂತೆ ಒಂದೂವರೆ ಗಂಟೆಯ ಚಿತ್ರಕ್ಕೆ 1,29,600 ಫ್ರೇಮುಗಳು ಬೇಕು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಅರವತ್ತು ಸಾವಿರಕ್ಕಿಂತ ಹೆಚ್ಚು ಚಿತ್ರಗಳಾಗುತ್ತವೆ. ಆದ್ದರಿಂದ ಮೊದಲು ಸ್ಟೋರಿಬೋರ್ಡ್ ಬರೆಯುತ್ತಾರೆ, ಆ ಕಪ್ಪುಬಿಳುಪು ಗೆರೆಚಿತ್ರಗಳನ್ನು ತಾತ್ಕಾಲಿಕ ಧ್ವನಿ ಮತ್ತು ಸಂಗೀತದೊಂದಿಗೆ ಕಾಲಕ್ಕೆ ಸರಿಯಾಗಿ ಜೋಡಿಸಿ ಅನಿಮ್ಯಾಟಿಕ್ ಎಂಬ ಕಚ್ಚಾ ಚಿತ್ರ ಮಾಡಿಕೊಳ್ಳುತ್ತಾರೆ. ದುಃಖದ ದೃಶ್ಯ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ನಿಶ್ಚಯವಾಗುವುದು ಇಲ್ಲಿಯೇ. ಹಿರಿಯರು ಅಳತೊಡಗಿದ ಮೂರೇ ಸೆಕೆಂಡಿಗೆ ಮರಿಗಳು ಕಣ್ಣು ಬಿಟ್ಟರೆ ಅವರ ಪಶ್ಚಾತ್ತಾಪಕ್ಕೆ ತೂಕವಿರುವುದಿಲ್ಲ. ನಾಲ್ಕು ನಿಮಿಷ ಎಳೆದರೆ ಐದು ವರ್ಷದ ಮಗು ಹೊರಗೆ ಹೋಗೋಣ ಎಂದು ರಚ್ಚೆ ಹಿಡಿಯುತ್ತದೆ.

ಸೆನ್ಸಾರ್ ಪ್ರಮಾಣಪತ್ರದ ಲೆಕ್ಕವನ್ನೂ ಈ ಹಂತದಲ್ಲಿಯೇ ಹಾಕಬೇಕು. 2024ರ ಹೊಸ ನಿಯಮಗಳ ಪ್ರಕಾರ ಯುಎ ವರ್ಗದೊಳಗೆ 7, 13 ಮತ್ತು 16 ವರ್ಷಗಳ ಮೂರು ಮೆಟ್ಟಿಲುಗಳಿವೆ. ಎಲ್ಲರೂ ನೋಡಬಹುದಾದ ಯು ಪ್ರಮಾಣಪತ್ರ ಬೇಕೆಂಬ ಆಸೆಗೆ ಅಗಲಿಕೆಯ ರಾತ್ರಿಯನ್ನೇ ಕತ್ತರಿಸುವುದಕ್ಕಿಂತ, ಏಳು ವರ್ಷದ ಕೆಳಗಿನವರು ಹೆತ್ತವರ ಮಾರ್ಗದರ್ಶನದಲ್ಲಿ ನೋಡಲಿ ಎನ್ನುವ ಯುಎ 7+ ಪಡೆಯುವುದು ಮೇಲು ಎಂಬುದು ನನ್ನ ನಿಲುವು. ಅನಿಮ್ಯಾಟಿಕ್ ಸಿದ್ಧವಾದ ಕೂಡಲೇ ಅದನ್ನು ಚಿತ್ರರಂಗದ ಗೆಳೆಯರಿಗೆ ತೋರಿಸುವ ಬದಲು ಮದ್ದೂರಿನದೋ ಮಳವಳ್ಳಿಯದೋ ಶಾಲೆಯ ಸಣ್ಣ ತರಗತಿಗಳ ಮಕ್ಕಳನ್ನು, ಅವರ ಮನೆಯ ಹಿರಿಯರ ಜೊತೆಯಲ್ಲಿಯೇ ಕೂರಿಸಿ ತೋರಿಸಬೇಕು. ಪರದೆಯ ಕಡೆಗಿಂತ ಅವರ ಮುಖಗಳ ಕಡೆ ನೋಡಬೇಕು. ಎರಡು ಮರಗಳು ಒಟ್ಟಿಗೆ ಅಳುವ ದೃಶ್ಯದಲ್ಲಿ ಮಗು ಪ್ರಶ್ನೆ ಕೇಳಿ, ಹಿರಿಯರು ಉತ್ತರ ಹೇಳಲು ತಡವರಿಸಿದರೆ ಆ ದೃಶ್ಯವನ್ನು ಹಾಗೆಯೇ ಬಣ್ಣಕ್ಕೆ ಕಳುಹಿಸಬಹುದು. ಮಗು ಕೇಳದೆ ಕುಳಿತಿದ್ದರೆ ಸ್ಟೋರಿಬೋರ್ಡಿಗೆ ಮರಳಿ, ಬೀಳ್ಕೊಡುಗೆಯನ್ನು ಇನ್ನಷ್ಟು ಉದ್ದ ಬರೆಯಬೇಕು.